ತವರಿನ ಹತ್ತು ಗಂಟೆ

ನಮ್ಮ ಊರಿನಲ್ಲಿ ಒಂದೊಂದು ಮನೆಗೆ ಒಂದೊಂದು ಗಂಟೆ. ನಮ್ಮ ಮನೆಯಲ್ಲಿ ಹನ್ನೊಂದೂ ಕಾಲಾದಾಗ ಪಕ್ಕದ ಮನೆಯಲ್ಲಿ ಹನ್ನೆರಡು, ಎದುರು ಮನೆಯಲ್ಲಿ ಇನ್ನೂ ಹತ್ತೂ ಮುಕ್ಕಾಲು. ಕೈಗಡಿಯಾರ ಕಟ್ಟಿಕೊಂಡು ಯಾರದಾದರೂ ಹೊಸಿಲು ದಾಟಿದರೆ ಮುಳ್ಳು ತಾನಾಗಿ ತಿರುಗಿ ಆ ಮನೆಯ ಗಂಟೆಗೆ ನಿಲ್ಲುತ್ತದೆ. ಬೀದಿಗೆ ಬಂದರೆ ಯಾವ ಕಡೆಗೂ ಇಲ್ಲದೆ ಓಲಾಡುತ್ತಿರುತ್ತದೆ. ನಾವ್ಯಾರೂ ಅದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಲಗ್ನಪತ್ರಿಕೆಯಲ್ಲಿ ‘ಹೆಣ್ಣಿನ ಮನೆಯ ಒಂಬತ್ತೂವರೆಗೆ’ ಎಂದು ಅಚ್ಚು ಹಾಕಿಸುತ್ತೇವೆ. ಬಸ್‌ಸ್ಟ್ಯಾಂಡಿಗೂ ತನ್ನದೇ ಗಂಟೆ ಇರುವುದರಿಂದ ಪ್ರಯಾಣ ಹೊರಟವರು ಬುತ್ತಿ ಕಟ್ಟಿಕೊಂಡು ಹೋಗಿ ಬಸ್ಸು ಬರುವವರೆಗೆ ಅಲ್ಲೇ ಕೂರುತ್ತಾರೆ. ಯಾರಾದರೂ ತಡವಾಗಿ ಬಂದರೆ ಬಯ್ಯುವ ಮೊದಲು ‘ಯಾರ ಮನೆಯಿಂದ ಬಂದೆ?’ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆ.

ಇದರಲ್ಲಿ ಬದಲಾಗಬೇಕಾದವರು ಹೆಣ್ಣುಮಕ್ಕಳು ಮಾತ್ರ. ಮದುವೆಯಾಗಿ ಬಂದವಳು ಸೇರು ಒದ್ದು ಒಳಗೆ ಕಾಲಿಟ್ಟ ಮೇಲೆ ಅವಳನ್ನು ಮೊದಲು ನಿಲ್ಲಿಸುವುದು ಗೋಡೆ ಗಡಿಯಾರದ ಮುಂದೆ. ‘ನೋಡ್ಕೋ, ಇನ್ನು ಇದೇ ನಿನ್ನ ಗಂಟೆ’ ಎಂದು ಹಿರಿಯರೊಬ್ಬರು ಹೇಳುತ್ತಾರೆ, ಅವಳು ತಲೆ ಆಡಿಸುತ್ತಾಳೆ. ನಾನು ತಲೆ ಆಡಿಸಿದಾಗ ನನಗೆ ಇಪ್ಪತ್ತೆರಡು ವರ್ಷ. ನನ್ನ ತವರು ಇದೇ ಊರಿನ ಮೇಲಿನ ಕೇರಿ, ನಡೆದರೆ ಅರ್ಧ ಮೈಲಿ. ಅಲ್ಲಿ ಹತ್ತಾದಾಗ ಇಲ್ಲಿ ಎಂಟು ಇಪ್ಪತ್ತು. ತವರಿನ ಹತ್ತು ಗಂಟೆ ಎಂದರೆ ಬೆಳಗಿನ ಕೆಲಸವೆಲ್ಲ ತೀರಿ, ಅಮ್ಮ ಹಿತ್ತಲ ಬಾಗಿಲಲ್ಲಿ ಕೂದಲು ಬಿಚ್ಚಿಕೊಂಡು ಕೂರುವ ಹೊತ್ತು. ಗಂಡನ ಮನೆಯಲ್ಲಿ ಅದು ಹೆಂಚು ಕಾಯುವ, ಹಂಡೆ ಕುದಿಯುವ, ಮನೆಯ ಮುಂಭಾಗದ ನಮ್ಮ ಹಿಟ್ಟಿನ ಮಿಲ್ಲಿಗೆ ಜನ ಸಾಲು ಹಚ್ಚುವ ಹೊತ್ತು. ಬಂದ ಹೊಸದರಲ್ಲಿ ಆ ವೇಳೆಗೆ ನನಗೆ ತಾನಾಗಿ ಕಾಲು ಮಡಿಸಿ ಕೂರುವ ಹಾಗಾಗುತ್ತಿತ್ತು. ‘ಮೈಯೆಲ್ಲ ಇಲ್ಲಿಗೆ ಬಂತು, ಮೊಣಕಾಲು ಮಾತ್ರ ಇನ್ನೂ ತವರಲ್ಲೇ ಇದೆ ಇವಳದ್ದು’ ಎಂದು ನಮ್ಮತ್ತೆ ನಂಜಮ್ಮಣ್ಣಿ ನಗುತ್ತಿದ್ದರು. ಆಮೇಲೆ ಮೊಣಕಾಲೂ ಬಂತು.

ಏಳು ವರ್ಷದ ಹಿಂದೆ ಒಂದು ದಿನ ಗೋಧಿ ಡಬ್ಬ ಎತ್ತಿಡುತ್ತಿದ್ದವಳು ಹಾಗೇ ಬಿದ್ದೆ. ಗುಂಡಿಗೆ ಲಯ ತಪ್ಪಿ ಓಡಿತ್ತಂತೆ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಎಡಗಡೆ ಹೆಗಲ ಮೂಳೆಯ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರ ಕೂರಿಸಿದರು. ಗುಂಡಿಗೆ ಮತ್ತೆ ಹಾಗೆ ಓಡಿದರೆ ಅದು ಒಳಗಿನಿಂದಲೇ ಒಂದು ಪೆಟ್ಟು ಕೊಟ್ಟು ದಾರಿಗೆ ತರುತ್ತದೆ. ಎರಡು ಸಲ ಕೊಟ್ಟಿದೆ. ಎದೆಗೆ ಕತ್ತೆ ಒದ್ದ ಹಾಗಿರುತ್ತದೆ. ಎರಡು ಸಲವೂ ನಾನು ಬದುಕಿದ್ದೇನೆ. ಮನೆಯಲ್ಲಿ ಎಲ್ಲರೂ ಅದನ್ನು ಡಬ್ಬಿ ಅನ್ನುತ್ತೇವೆ. ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ಹೇಳಿದ್ದರು: ‘ಬ್ಯಾಟರಿ ಮುಗೀತಾ ಬಂದ್ರೆ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಕೂಗುತ್ತೆ ಅಮ್ಮ. ಕೂಗಿದ ದಿನಾನೇ ಫೋನ್ ಮಾಡಿ. ಮೂರು ತಿಂಗಳು ಟೈಮ್ ಇರುತ್ತೆ, ಆದ್ರೆ ಅದಕ್ಕಿಂತ ಒಂದು ದಿನವೂ ನಂಬಬೇಡಿ.’ ನಮ್ಮ ಮನೆಯವರು ಆಗ ಔಷಧಿ ತರಲು ಕೆಳಗೆ ಹೋಗಿದ್ದರು. ಈ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಡಾಕ್ಟರು ಹತ್ತು ಗಂಟೆ ಅಂದರು. ಯಾರ ಮನೆಯ ಹತ್ತು ಎಂದು ನಾನೂ ಕೇಳಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಅದು ಮೊದಲ ಸಲ ಕೂಗಿದಾಗ ನಾನು ಬಚ್ಚಲಲ್ಲಿ ಅತ್ತೆಗೆ ನೀರು ತೋಡುತ್ತಿದ್ದೆ. ತಾಮ್ರದ ಹಂಡೆಯ ಮೇಲೆ ಬಾಗಿದ್ದೆನಲ್ಲ, ಎದೆಯೊಳಗಿನ ಟೂಂ-ಟೀಂ, ಟೂಂ-ಟೀಂ ಹಂಡೆಗೆ ಹೊಡೆದು ಹಿತ್ತಲಿಗೆಲ್ಲ ಕೇಳಿಸಿತು. ಮಣೆಯ ಮೇಲೆ ಕೂತಿದ್ದ ಅತ್ತೆ ‘ಯಾರದೇ ಅದು ಫೋನು, ಬಚ್ಚಲಿಗೂ ತಂದಿದ್ಯಾ?’ ಎಂದರು. ರಾಗಿ ಡಬ್ಬ ಕೊಡಲು ಬಂದು ಹಿತ್ತಲಲ್ಲಿ ನಿಂತಿದ್ದ ಪಕ್ಕದ ಮನೆ ಚನ್ನಾಜಮ್ಮ ಓಡಿ ಬಂದು ನನ್ನ ಎದೆಗೆ ಕಿವಿ ಹಚ್ಚಿದಳು. ಆಮೇಲೆ ಗೋಡೆ ಗಡಿಯಾರ ನೋಡಿ ಬಂದಳು.

‘ದಾಕ್ಷಾಯಿಣಮ್ಮ, ಈಗ ನಿಮ್ಮ ತವರಲ್ಲಿ ಎಷ್ಟು?’

ನಾನು ಲೆಕ್ಕ ಹಾಕಬೇಕಾಗಿಯೇ ಇರಲಿಲ್ಲ. ‘ಹತ್ತು.’

‘ಅಯ್ಯೋ ನಮ್ಮವ್ವ! ನಂಜಮ್ಮಣ್ಣಿಯೋರೇ, ನಿಮ್ಮ ಸೊಸೆಗೆ ತವರು ಗಂಟೆ ಹೊಡೀತಾ ಇದೆ!’

ತವರು ಗಂಟೆಯ ಮಾತು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು, ಕಂಡವರು ಮಾತ್ರ ಯಾರೂ ಇರಲಿಲ್ಲ. ಎಲ್ಲೋ ಒಬ್ಬಳಿಗೆ ಮೈಯೊಳಗೆ ತವರಿನ ಗಂಟೆ ಉಳಿದುಬಿಡುತ್ತದಂತೆ, ವಯಸ್ಸಾದ ಮೇಲೆ ಹೊಡೆಯುತ್ತದಂತೆ. ಹೊಡೆದ ಮೇಲೆ ಒಂದು ಗಂಟೆ ಕಾಲ ಅವಳು ಗಂಡನ ಮನೆಯಲ್ಲಿ ನೆಂಟಳು. ಅವಳಿಗೆ ಕೆಲಸ ಹೇಳಬಾರದು. ಅವಳನ್ನು ಏನೊಂದೂ ಕೇಳಲೂಬಾರದು. ಅತ್ತೆ ಮೈಮೇಲೆ ಎರಡು ಚೊಂಬು ನೀರು ತಾವೇ ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹೊರಗೆ ಬಂದು, ‘ಗುರುಸಿದ್ದಾ, ಮಿಲ್ಲು ಬಿಟ್ಟು ಒಳಗೆ ಬಾ. ರೊಟ್ಟಿ ನೀನು ತಟ್ಟಬೇಕು’ ಎಂದು ಮಗನನ್ನು ಕೂಗಿದರು. ನನ್ನನ್ನು ಕೈ ಹಿಡಿದು ತಂದು ನುಗ್ಗೆ ಮರದ ಕೆಳಗಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದರು.

ನನಗೆ ಗೊತ್ತಿತ್ತು. ಹಂಡೆಯ ಮೇಲೆ ಬಾಗಿದ್ದಾಗಲೇ ಗೊತ್ತಾಗಿತ್ತು, ಇದು ಬ್ಯಾಟರಿ ಎಂದು. ಹೇಳಬೇಕೆಂದು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಕಲ್ಲಿನ ತಂಪು ತೊಡೆಗೆ ಹತ್ತಿತು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಎದ್ದು ಹೋಗಬೇಕಾಗಿರಲಿಲ್ಲ. ಸಾಯಂಕಾಲ ಹೇಳಿದರಾಯಿತು ಎಂದುಕೊಂಡೆ. ಸಾಯಂಕಾಲ, ನಾಳೆ ಇನ್ನೊಂದು ದಿನ ಕೂತು ಆಮೇಲೆ ಹೇಳೋಣ ಎಂದುಕೊಂಡೆ. ಮೂರು ತಿಂಗಳಿದೆಯಲ್ಲ! ಬಚ್ಚಲೊಲೆಯ ಇದ್ದಿಲು ತಂದು ಕಲ್ಲಿನ ಪಕ್ಕದ ಗೋಡೆಯ ಮೇಲೆ, ಯಾರಿಗೂ ಕಾಣದಷ್ಟು ಕೆಳಗೆ, ಒಂದು ಗೆರೆ ಎಳೆದೆ.

ಸುಮ್ಮನೆ ಕೂರುವುದು ಅಷ್ಟು ಸುಲಭವಲ್ಲ ಎಂದು ಆಗ ತಿಳಿಯಿತು. ಎರಡನೆಯ ದಿನ ನನಗೇ ಗೊತ್ತಿಲ್ಲದೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಅತ್ತೆ ಬಂದು ಮೊರ ಕಿತ್ತುಕೊಂಡರು. ವಾರ ಕಳೆಯುವಷ್ಟರಲ್ಲಿ ಕೈ ತಣ್ಣಗಾಯಿತು, ಆಮೇಲೆ ತಲೆ. ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಯೋಚನೆಗಳೆಲ್ಲ ಅರ್ಧಕ್ಕೇ ನಿಂತಿದ್ದವು. ಏನೋ ಹೊಳೆಯುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು, ಇಲ್ಲವೇ ಯಾರೋ ಕರೆಯುತ್ತಿದ್ದರು. ಈಗ ಒಂದು ಯೋಚನೆ ಹೊರಟರೆ ಕೊನೆ ಮುಟ್ಟಿ, ಸುತ್ತಾಡಿಕೊಂಡು ವಾಪಸ್ಸು ಬರುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದ ಅಂಬುಜಾಕ್ಷಿ ನನ್ನ ಜೊತೆ ಮಾತು ಬಿಟ್ಟದ್ದೇಕೆ ಎಂಬುದು ನನಗೆ ಯಾವತ್ತೂ ತಿಳಿದಿರಲಿಲ್ಲ. ಮೂರು ಬೆಳಿಗ್ಗೆ ಕೂತು ಅದನ್ನು ಬಿಡಿಸಿದೆ. ತಪ್ಪು ನನ್ನದೇ ಆಗಿತ್ತು. ಅದೂ ಒಂದು ಸಮಾಧಾನವೇ.

ಒಳಗೆ ನಮ್ಮ ಮನೆಯವರ ಪಾಡು ಬೇರೆ. ಕೇಳಬಾರದು ಎಂಬ ನಿಯಮ ಅವರಿಗೆ ದೊಡ್ಡ ಕಷ್ಟ. ಒಂದು ದಿನ ಹಿತ್ತಲ ಬಾಗಿಲಿಗೆ ಬಂದು, ನನ್ನ ಕಡೆ ನೋಡದೆ, ನುಗ್ಗೆ ಮರದ ಹತ್ತಿರ ಕೇಳಿದರು. ‘ಈ ಮನೇಲಿ ಜೀರಿಗೆ ಅನ್ನೋದು ಎಲ್ಲಿರುತ್ತೋ, ಆ ದೇವ್ರಿಗೇ ಗೊತ್ತು.’

‘ಮರ ಕೇಳಿದ್ರೂ ಕೇಳಿದ ಹಾಗೇನೇ ಕಣೋ’ ಎಂದರು ಅತ್ತೆ ಒಳಗಿನಿಂದ.

‘ನಾನು ಕೇಳಲಿಲ್ಲ ಕಣವ್ವ, ಹೇಳಿದೆ.’

‘ಹೇಳೋನು ಆಕಾಶ ನೋಡ್ಕೊಂಡು ಹೇಳು. ಬಾಗಿಲಿಗೆ ಬಂದು ಯಾಕೆ ಹೇಳ್ತೀಯ?’

ನನಗೆ ನಗು ತಡೆಯಲಾಗಲಿಲ್ಲ. ಅವರ ಮೊದಲ ರೊಟ್ಟಿಗಳು ನಕ್ಷೆಯ ಹಾಗಿರುತ್ತಿದ್ದವು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ತೂತು. ತಿಂಗಳಾಗುವಷ್ಟರಲ್ಲಿ ಗುಂಡಗಾದವು. ಜನ ಹೊಗಳಿದರೆ ‘ಮಿಲ್ಲಿನೋನಿಗೆ ಹಿಟ್ಟಿನ ಹದ ಹೇಳ್ಕೊಡಬೇಕಾ?’ ಎನ್ನುವಷ್ಟು ಬಿಗುಮಾನವೂ ಬಂತು.

ಚನ್ನಾಜಮ್ಮ ಸುಮ್ಮನಿರುವವಳಲ್ಲ. ಅವಳು ಹೇಳಿದ್ದೇ ತಡ, ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಎಂಟು ಇಪ್ಪತ್ತಕ್ಕೆ ಸರಿಯಾಗಿ ನನ್ನ ಸುತ್ತ ಕೂತು, ಡಬ್ಬಿ ಕೂಗಿದೊಡನೆ ಕಣ್ಣು ಮುಚ್ಚಿ, ಮುಗಿದ ಮೇಲೆ ಉಸಿರು ಬಿಡುತ್ತಿದ್ದರು. ‘ಎಷ್ಟು ಸಣ್ಣ ಸ್ವರ ನೋಡಿ, ಎಳೇ ಹುಡುಗೀದು ಇದ್ದ ಹಾಗಿದೆ’ ಎಂದಳು ಒಬ್ಬಳು. ‘ನಮ್ಮ ಮನೆಯೋರು ಇದೆಲ್ಲ ನಾಟಕ ಅಂತಾರೆ’ ಎಂದಳು ಇನ್ನೊಬ್ಬಳು. ‘ನಿಮ್ಮ ಮನೆಯೋರಿಗೆ ರೊಟ್ಟಿ ತಟ್ಟೋ ಭಯ ಕಣೇ’ ಎಂದು ಚನ್ನಾಜಮ್ಮ ಅವಳ ಬಾಯಿ ಮುಚ್ಚಿಸಿದಳು. ಅವರು ಕೂತಿರುತ್ತಿದ್ದುದು ಐದೇ ನಿಮಿಷ. ಅವರವರ ಮನೆಯಲ್ಲಿ ಅವರವರ ಗಂಟೆ ಕಾಯುತ್ತಿತ್ತು. ಹೋಗುವಾಗ ನನ್ನನ್ನು ನೋಡುತ್ತಿದ್ದ ನೋಟ ನನಗೆ ಹಿತವಾಗುತ್ತಿತ್ತು. ಇದನ್ನು ಬರೆಯಲು ನಾಚಿಕೆ. ಆದರೂ ನಿಜ.

ಗೋಡೆಯ ಗೆರೆಗಳು ಎಪ್ಪತ್ತು ದಾಟಿದವು. ಸಾಯಬೇಕೆಂದು ನನಗೆ ಒಂದು ಕ್ಷಣವೂ ಅನಿಸಿರಲಿಲ್ಲ. ಬದುಕುವುದು ಅಷ್ಟು ರುಚಿಯಾಗಿದ್ದದ್ದೇ ಆ ದಿನಗಳಲ್ಲಿ. ಆದರೆ ಹೊಸ ಡಬ್ಬಿ ಹಾಕಿದರೆ ಕೂಗು ನಿಲ್ಲುತ್ತದೆ. ಕೂಗು ನಿಂತರೆ ಕಲ್ಲು ಬಿಟ್ಟು ಏಳಬೇಕು. ಇನ್ನೊಂದು ದಿನ, ಇನ್ನೊಂದು ದಿನ ಎನ್ನುತ್ತಾ ಎಂಬತ್ತಕ್ಕೆ ಬಂದೆ. ಅಷ್ಟು ಹೊತ್ತಿಗೆ ಮೆಟ್ಟಿಲು ಹತ್ತುವಾಗ ಗುಂಡಿಗೆ ಒಂದು ಬಡಿತ ತಪ್ಪಿದರೂ ನಿಂತು ಎಡಗೈ ಎದೆಯ ಮೇಲಿಡುವುದು ರೂಢಿಯಾಗಿತ್ತು. ಮುಂದಿನ ಸಲ ಬೀಳುವಾಗ ಒದೆಯಲು ಇದಕ್ಕೆ ಶಕ್ತಿ ಇರುತ್ತದೋ ಇಲ್ಲವೋ ಎಂಬ ಯೋಚನೆಯೂ ಆ ಕಲ್ಲಿನ ಮೇಲೆಯೇ ಹೊರಟು, ಕೊನೆ ಮುಟ್ಟಿ, ವಾಪಸ್ಸು ಬರುತ್ತಿತ್ತು.

ಎಂಬತ್ತೊಂದನೆಯ ದಿನ ಹೆಂಗಸರೆಲ್ಲ ಹೋದ ಮೇಲೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ಅವರಿಗೆ ಎಂಬತ್ತರ ಹತ್ತಿರ. ಆ ಹೊತ್ತಿನಲ್ಲಿ ಅವರು ನನ್ನ ಹತ್ತಿರ ಕೂತದ್ದು ಅದೇ ಮೊದಲು. ಕೇಳುವ ಹಾಗಿಲ್ಲವಲ್ಲ, ಹಾಗಾಗಿ ಅವರು ಹೇಳತೊಡಗಿದರು.

‘ನಾನು ಈ ಮನೆಗೆ ಬಂದಾಗ ಹದಿಮೂರು. ನಮ್ಮ ತವರಿನ ಗಂಟೆ ಇಲ್ಲಿಗಿಂತ ಮುಂದಿತ್ತೋ ಹಿಂದಿತ್ತೋ ಅದೂ ಮರೆತುಹೋಗಿದೆ ಕಣೇ. ಆ ಮನೆ ಬಿದ್ದು ನಲವತ್ತು ವರ್ಷ ಆಯ್ತು. ಅಣ್ಣಂದಿರೂ ಹೋದ್ರು. ಇನ್ನು ಹೇಳೋರೂ ಯಾರೂ ಇಲ್ಲ.’ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು. ‘ದಿನಾ ನಿಂದು ಹೊಡೆಯುವಾಗ ಒಳಗೆ ದೇವರ ಮುಂದೆ ಕೂತಿರ್ತೀನಿ. ನಂದೂ ಹೊಡೀತು ಅಂದ್ಕೋತೀನಿ. ಮುದುಕಿಗೆ ಹುಚ್ಚು ಅಂತೀಯೇನೋ.’

ಬೇರೆ ಯಾರು ಏನು ಹೇಳಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ.

‘ಅತ್ತೆ, ಇದು ತವರಲ್ಲ’ ಎಂದೆ. ‘ಬ್ಯಾಟರಿ. ಡಬ್ಬಿ ಬ್ಯಾಟರಿ ಮುಗೀತಾ ಬಂದಿದೆ. ಮುಗಿಯೋ ಮುಂಚೆ ಹೀಗೆ ಕೂಗುತ್ತೆ ಅಂತ ಡಾಕ್ಟ್ರು ಹೇಳಿದ್ರು.’

ಅವರು ಪೂರ್ತಿ ನನ್ನ ಕಡೆ ತಿರುಗಿದರು. ಆಮೇಲೆ ನಿಯಮ ಮುರಿದು ಕೇಳಿದರು.

‘ಮುಗಿದ್ರೆ?’

‘ಮತ್ತೆ ಬಿದ್ರೆ ಎಬ್ಬಿಸೋದಿಲ್ಲ.’

‘ಎಷ್ಟು ದಿನ ಇದೆ?’

‘ಒಂಬತ್ತು.’

ಎದ್ದು ನಿಂತರು. ಹೊಡೆದೇ ಬಿಡುತ್ತಾರೆ ಎಂದುಕೊಂಡೆ. ‘ಒಂದು ಗಂಟೆ ಕೂರೋದಕ್ಕೆ ಸಾಯೋಕೆ ಹೊರಟಿದ್ಯಾ? ಅಷ್ಟು ಬೇಕಿದ್ರೆ ಬಾಯಿಬಿಟ್ಟು ಕೇಳಬಾರದಿತ್ತಾ?’

‘ಕೇಳಿದ್ರೆ ಕೊಡ್ತಿದ್ರಾ ಅತ್ತೆ?’

ಅವರು ನನ್ನ ಮುಖ ನೋಡಿದರು. ನಮ್ಮತ್ತೆ ಗಡಸು ಹೆಂಗಸು, ಆದರೆ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.

‘ಇಲ್ಲ’ ಎಂದರು. ‘ಕೊಡ್ತಿರ್ಲಿಲ್ಲ.’

ಹಾಗೆಂದು ಒಳಗೆ ಹೋಗಿ ಮಗನ ಕೈಯಿಂದ ಮಗುಚುವ ಕೈ ಇಸಿದುಕೊಂಡು, ‘ಬಟ್ಟೆ ಹಾಕ್ಕೋ. ಬಸ್‌ಸ್ಟ್ಯಾಂಡಿಗೆ ಹೋಗಿ ಕೂತ್ಕೊಳ್ಳಿ, ಇಬ್ಬರೂ’ ಎಂದರು.

ಬಸ್ಸಿನಲ್ಲಿ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಕಿಟಕಿಯ ಹೊರಗೆ ನೋಡುತ್ತಾ ಕೇಳಿಸಿಕೊಂಡರು. ಎಷ್ಟೋ ದೂರ ಹೋದ ಮೇಲೆ, ‘ಎಂಬತ್ತೊಂದು ದಿನ ನಾನು ರೊಟ್ಟಿ ತಟ್ಟಿದ್ದು ಬ್ಯಾಟರಿಗಾ?’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ‘ರೊಟ್ಟಿ ಹೋಗ್ಲಿ ಬಿಡು. ದಿನಾ ಬೆಳಿಗ್ಗೆ ಅದು ಕೂಗಿದಾಗ ನನಗೆ ಖುಷಿ ಆಗ್ತಿತ್ತು ಕಣೇ, ನಮ್ಮ ಮನೇಲಿ ಇಂಥದ್ದು ನಡೀತಿದೆ ಅಂತ. ಅಷ್ಟೂ ದಿನ ಅದು ನೀನು ಹೋಗ್ತೀಯ ಅಂತ ಕೂಗ್ತಿತ್ತು. ನಾನು ಜೀರಿಗೆ ಹುಡುಕ್ತಿದ್ದೆ.’ ಅವರ ಅಂಗಿಯ ತೋಳು ಹಿಡಿದು ಕೂತೆ. ಬಿಡಿಸಿಕೊಳ್ಳಲಿಲ್ಲ.

ಆಸ್ಪತ್ರೆಯಿದ್ದ ಊರಿನಲ್ಲಿ ಎಲ್ಲ ಗಡಿಯಾರಗಳೂ ಒಂದೇ ಗಂಟೆ ತೋರಿಸುತ್ತವೆ. ಒಂದು ಗಂಟೆಯಾದೊಡನೆ ಅಷ್ಟೂ ಜನಕ್ಕೆ ಒಟ್ಟಿಗೆ ಹಸಿವಾಗಿ ಹೋಟೆಲಿನ ಮುಂದೆ ನೂಕಾಡುತ್ತಾರೆ. ನೋಡಿ ಪಾಪ ಅನಿಸಿತು. ಡಬ್ಬಿ ಪರೀಕ್ಷೆ ಮಾಡುವ ಹುಡುಗಿ ನನ್ನ ಹೆಗಲ ಮೇಲೆ ಒಂದು ಬಿಲ್ಲೆ ಇಟ್ಟು, ಕಂಪ್ಯೂಟರಿನಲ್ಲಿ ನೋಡಿ ಹುಬ್ಬು ಏರಿಸಿದಳು. ‘ಆಂಟಿ, ಇದು ಎಂಬತ್ತೊಂದು ದಿನದಿಂದ ಕೂಗ್ತಾ ಇದೆ. ಕೇಳಿಸಲೇ ಇಲ್ವಾ?’

‘ಬೀದಿಗೆಲ್ಲ ಕೇಳಿಸಿತು’ ಎಂದರು ನಮ್ಮ ಮನೆಯವರು.

ಮರುದಿನ ಬೆಳಿಗ್ಗೆ ಹಳೆಯ ಗಾಯದ ಮೇಲೇ ಕೊಯ್ದು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರು. ನೋವಾಗಲಿಲ್ಲ, ಒತ್ತಿದ್ದು ಎಳೆದದ್ದು ಮಾತ್ರ ತಿಳಿಯಿತು. ಆಮೇಲೆ ಆ ಹುಡುಗಿ ಬಂದು, ಇದು ಎಂಟು ವರ್ಷ ತೆಪ್ಪಗಿರುತ್ತದೆ ಎಂದಳು. ‘ಮುಂದೆ ಕೂಗಬೇಕಾದಾಗ ಎಷ್ಟು ಗಂಟೆಗೆ ಕೂಗ್ಲಿ? ಬೇಕಿದ್ರೆ ಬದಲಾಯಿಸಬಹುದು.’ ಇಂಥದೊಂದು ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ‘ಹತ್ತಕ್ಕೇ ಇರ್ಲಿ’ ಎಂದೆ.

ಮನೆಗೆ ಬಂದ ಮೇಲೆ ಹೊಲಿಗೆ ಒಣಗುವವರೆಗೆ ಎಡಗೈ ಎತ್ತುವ ಹಾಗಿರಲಿಲ್ಲ. ಹಾಗಾಗಿ ಹತ್ತು ಹನ್ನೆರಡು ದಿನ ಯಾರೂ ನನಗೆ ಕೆಲಸ ಹೇಳಲಿಲ್ಲ. ಅದು ಬೇರೆ, ಅದು ರೋಗಿಯ ರಜೆ. ಎದ್ದು ಓಡಾಡತೊಡಗಿದ ದಿನವೇ ಬೀದಿಯ ಹೆಂಗಸರಿಗೆ ನಿಜ ಹೇಳಿಬಿಟ್ಟೆ. ಚನ್ನಾಜಮ್ಮನಿಗೆ ಸಿಟ್ಟು ಬಂತು. ‘ಅಂದ್ರೆ ನಾವೆಲ್ಲ ಕಣ್ಣು ಮುಚ್ಕೊಂಡು ಕೂತಿದ್ದು ಬ್ಯಾಟರಿ ಮುಂದೆ! ಟಾರ್ಚಿನ ಮುಂದೆ ಕೂರಬಹುದಿತ್ತಲ್ಲ, ಬೆಳಕಾದ್ರೂ ಬರ್ತಿತ್ತು.’ ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಮಾತ್ರ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ರಾಗಿ ತಂದಳು.

ಹೊಲಿಗೆ ಬಿಚ್ಚಿಸಿಕೊಂಡು ಬಂದ ಮರುದಿನ ನನಗೆ ಯಾವ ನೆಪವೂ ಉಳಿದಿರಲಿಲ್ಲ. ಎದ್ದೆ, ಕಸ ಗುಡಿಸಿದೆ, ಹಂಡೆಗೆ ಉರಿ ಹಾಕಿದೆ, ರೊಟ್ಟಿಗೆ ಹಿಟ್ಟು ಕಲಸಿಟ್ಟೆ. ಗೋಡೆ ಗಡಿಯಾರದಲ್ಲಿ ಎಂಟು ಇಪ್ಪತ್ತಾಯಿತು. ಎದೆಯಲ್ಲಿ ಏನೂ ಕೂಗಲಿಲ್ಲ. ಹೊಸ ಡಬ್ಬಿ ಎಂಟು ವರ್ಷದ ನಿಶ್ಶಬ್ದ ತುಂಬಿಕೊಂಡು ಕೂತಿತ್ತು. ಅಡಿಗೆಮನೆಯ ನಡುವೆ ನಿಂತು ಒಂದು ಉಸಿರು ತೆಗೆದುಕೊಂಡೆ. ಕೈ ತೊಳೆದೆ. ಸೆರಗಿಗೆ ಒರೆಸಿಕೊಂಡು, ಹಿತ್ತಲಿಗೆ ಹೋಗಿ, ಕಲ್ಲಿನ ಮೇಲೆ ಕೂತೆ. ಮೊದಲ ದಿನ ಹಂಡೆಯ ಮುಂದೆಯೂ ಗುಂಡಿಗೆ ಅಷ್ಟು ಜೋರಾಗಿ ಬಡಿದಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಅತ್ತೆ ಬಂದರು. ಮೊಣಕಾಲು ಹಿಡಿದುಕೊಂಡು, ನನ್ನ ಬಲಗಡೆ ಕೂತರು. ಕಲ್ಲು ಇಬ್ಬರಿಗೆ ಸಾಲದು. ನಾನು ಸರಿದು ಜಾಗ ಕೊಟ್ಟೆ.

ನಮ್ಮ ಮನೆಯವರು ಮಿಲ್ಲಿನ ಕಡೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ‘ಒಲೆ ಆರಿದೆಯಲ್ಲ’ ಎಂದರು. ಆಮೇಲೆ ದನಿ ತಗ್ಗಿಸಿ, ‘ಕೂಗ್ತಾ?’ ಎಂದರು. ಅವರ ಮುಖದಲ್ಲಿ ಭಯವಿತ್ತು.

‘ಇಲ್ಲ ಕಣ್ರೀ, ಕೂಗಿಲ್ಲ. ಕೂತಿದ್ದೀನಿ.’

‘ಅವ್ವಂದೇನು?’

‘ನಾನೂ ಕೂತಿದ್ದೀನಿ’ ಎಂದರು ಅತ್ತೆ.

ಅವರು ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು, ಹಿಂತಿರುಗಿ ಗೋಡೆ ಗಡಿಯಾರವನ್ನು ನೋಡಿದರು. ಮೂವರಲ್ಲಿ ಯಾರೂ ಅವರ ಸಹಾಯಕ್ಕೆ ಬರಲಿಲ್ಲ. ಹೊರಗೆ ಮಿಲ್ಲಿನ ಮುಂದೆ ಯಾರೋ ಡಬ್ಬ ಕುಟ್ಟಿ ಕರೆದರು. ‘ಬಂದೆ ತಡೀರಿ, ಒಂದು ಗಂಟೆ ಆಗುತ್ತೆ’ ಎಂದು ಆ ಕಡೆಗೆ ಕೂಗಿ ಒಳಗೆ ಹೋದರು. ಒಲೆ ಹೊತ್ತಿಕೊಂಡ ಸದ್ದು ಕೇಳಿಸಿತು.

ನಾವು ಎದ್ದದ್ದು ತವರಿನ ಹನ್ನೊಂದಕ್ಕೆ.